ಲೈಬ್ರರಿ ಜೊತೆ ಬರುವ ಕಮಾಂಡ್‌ಲೈನ್ ಟೂಲ್‌ಗಳನ್ನು ತೆಗೆದುಹಾಕಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಚಿತ್ರದ ಫೈಲ್‌ಗಳನ್ನು ಓದುವ ಒಂದು ಓಪನ್‌ಸೋರ್ಸ್ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಕೋಡನ್ನು, ನೀವು ಕೆಲವರು ಸೇರಿ ನೋಡಿಕೊಳ್ಳುತ್ತೀರಿ. ಅದರ ಜೊತೆ ಸಣ್ಣಪುಟ್ಟ ಕಮಾಂಡ್‌ಲೈನ್ ಟೂಲ್‌ಗಳೂ (ಕಮಾಂಡ್ ಟೈಪ್ ಮಾಡಿ ಓಡಿಸುವಂಥವು) ಬರುತ್ತವೆ. ಲೈಬ್ರರಿಗಿಂತ ಈ ಟೂಲ್‌ಗಳ ಬಗ್ಗೆಯೇ ಜಾಸ್ತಿ ದೂರು ಬರುತ್ತಿವೆ. ಯಾರು ಬಳಸುತ್ತಾರೋ ಗೊತ್ತಿಲ್ಲ, ತೆಗೆದುಬಿಡೋಣವೇ ಅಂತ ಕೇಳಿದ್ದೀರಿ.

ಎಲ್ಲವನ್ನೂ ತೆಗೆಯಬೇಡಿ. ಫೈಲ್ ಒಳಗೆ ಏನಿದೆ ಎಂದು ತೋರಿಸುವ ಟೂಲ್‌ಗಳನ್ನು ಖಂಡಿತ ಉಳಿಸಿಕೊಳ್ಳಿ. ಫೈಲನ್ನು ಕತ್ತರಿಸುವ, ತಿರುಗಿಸುವ, ಬೇರೆ ರೂಪಕ್ಕೆ ತರುವ ಟೂಲ್‌ಗಳ ವಿಷಯ ಬೇರೆ. ಅವುಗಳ ಕೋಡ್ ಬಲ್ಲವರು ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ ಪ್ರತ್ಯೇಕ ಪ್ಯಾಕೇಜ್ ಮಾಡಿ.

ನಾನು ವಿಜಯಪುರದವನು. ಇಲ್ಲಿ ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವ ಕೆಲಸದಲ್ಲಿದ್ದೇನೆ. ವಚನಗಳನ್ನು ಅಚ್ಚು ಹಾಕಿಸಲೆಂದು ಫ.ಗು. ಹಳಕಟ್ಟಿಯವರು ಸ್ವಂತ ಮುದ್ರಣಾಲಯ ಹಾಕಿದ ಊರು ಇದು. ಹಳೆಯ ಅಚ್ಚಿನ ಕಾಗದಕ್ಕೆ ಇಲ್ಲಿ ಬರವಿಲ್ಲ. ಎಷ್ಟೋ ಪುಟಗಳು ಮುಟ್ಟಿದರೆ ಪುಡಿಯಾಗುತ್ತವೆ, ಎರಡನೇ ಸಲ ಸ್ಕ್ಯಾನ್ ಮಾಡಲು ಆಗುವುದಿಲ್ಲ. ಅದಕ್ಕೇ ಮೂಲ ಪ್ರತಿಯನ್ನು ಟಿಫ್ ಫೈಲ್ ಆಗಿ ಇಡುತ್ತೇವೆ. ಆಮೇಲಿನ ಕೆಲಸವೆಲ್ಲ ಟಿಫ್ ಫೈಲ್ ಓದುವ ಲೈಬ್ರರಿಯಾದ ಲಿಬ್‌ಟಿಫ್ ಜೊತೆ ಬರುವ ಟೂಲ್‌ಗಳಿಂದ. ರೆಸಲ್ಯೂಶನ್, ಕಂಪ್ರೆಶನ್ ಸರಿ ಇದೆಯೇ ಎಂದು ನೋಡಲು ಟಿಫ್‌ಇನ್ಫೋ, ಬಿಡಿ ಪುಟಗಳನ್ನು ಒಂದೇ ಫೈಲ್ ಮಾಡಲು ಟಿಫ್‌ಸಿಪಿ. ಅಲ್ಲಿಂದ ಅಕ್ಷರ ಗುರುತಿಸಲು ಟೆಸರಾಕ್ಟ್. ಇವನ್ನು ಓಡಿಸುವ ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಒಂದು ಶೆಲ್ ಸ್ಕ್ರಿಪ್ಟ್ ಇದೆ, ಅದಕ್ಕೆ ಫೋಲ್ಡರ್ ಹೆಸರು ಕೊಡುತ್ತಾರೆ, ಅಷ್ಟೇ. ಇಂಥವರು ನಿಮ್ಮ ಬಗ್ ಪಟ್ಟಿಯಲ್ಲಿ ಎಂದೂ ಕಾಣಿಸುವುದಿಲ್ಲ. ಟೂಲ್ ಕೆಲಸ ಮಾಡುತ್ತಿರುವವರೆಗೆ ಅವರು ನಿಮಗೆ ಬರೆಯಲು ಕಾರಣವೇ ಇಲ್ಲ, ಅಲ್ವಾ?

ನಿಮ್ಮದೇ ಪ್ರಶ್ನೆಯನ್ನು ಲಿಬ್‌ಟಿಫ್ ಯೋಜನೆಯೂ ಎದುರಿಸಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಂದ 4.6.0 ಆವೃತ್ತಿಯಲ್ಲಿ ಚಿತ್ರ ಕತ್ತರಿಸುವ ಟಿಫ್‌ಕ್ರಾಪ್ ಸೇರಿದಂತೆ ಬಹಳಷ್ಟು ಟೂಲ್‌ಗಳನ್ನು ತೆಗೆದರು. ವರ್ಷಗಳಿಂದ ಅವುಗಳನ್ನು ನೋಡಿಕೊಳ್ಳುವವರಿಲ್ಲ, ಭದ್ರತಾ ದೋಷಗಳು ಅವುಗಳಿಂದಲೇ ಬರುತ್ತಿವೆ ಎಂಬುದು ಕಾರಣ. ಟಿಫ್‌ಇನ್ಫೋ, ಟಿಫ್‌ಸಿಪಿಯಂಥ ಕೆಲವು ಉಳಿದವು. ಒಂದೇ ವರ್ಷಕ್ಕೆ, 2024ರ ಸೆಪ್ಟೆಂಬರ್‌ನ 4.7.0ರಲ್ಲಿ, ತೆಗೆದ ಟೂಲ್‌ಗಳನ್ನು ವಾಪಸ್ ತಂದರು.

ತೆಗೆದವರ ಕಷ್ಟ ನನಗೆ ಅರ್ಥವಾಗುತ್ತದೆ. ಟಿಫ್‌ಕ್ರಾಪ್‌ನಲ್ಲಿ ಒಂದು ದೋಷ ಸಿಕ್ಕರೆ ಸಿವಿಇ ನಂಬರ್ (ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ) ಬೀಳುವುದು ಲಿಬ್‌ಟಿಫ್ ಹೆಸರಿಗೆ. ಎಲ್ಲೋ ಒಂದು ಸರ್ವರ್‌ನಲ್ಲಿ ಬರೀ ಲೈಬ್ರರಿ ಇರುತ್ತದೆ, ಟಿಫ್‌ಕ್ರಾಪ್ ಇರುವುದೇ ಇಲ್ಲ. ಆದರೂ ಅಲ್ಲಿನ ಭದ್ರತಾ ಸ್ಕ್ಯಾನರ್ ಕೆಂಪು ಬಣ್ಣ ತೋರಿಸುತ್ತದೆ. ಅವರು ಬಂದು ನಿಮ್ಮನ್ನು ಕೇಳುತ್ತಾರೆ. ಸಂಬಳವಿಲ್ಲದೆ, ರಾತ್ರಿ ಕೂತು ಕೋಡ್ ನೋಡುವವರ ಮೇಲೆ ಇದು ದೊಡ್ಡ ಭಾರ. ಟೂಲ್‌ಗಳಿಗೆ ಬೇರೆ ಹೆಸರು, ಬೇರೆ ಆವೃತ್ತಿ ನಂಬರ್ ಕೊಟ್ಟು ಬೇರೆ ರೆಪಾಸಿಟರಿಯಲ್ಲಿ (ಕೋಡ್ ಇಡುವ ಜಾಗದಲ್ಲಿ) ಇಡಿ ಎಂದು ನಾನು ಹೇಳುವುದು ಮುಖ್ಯವಾಗಿ ಇದಕ್ಕಾಗಿ. ಟೂಲ್‌ನ ದೋಷ ಟೂಲ್‌ನ ಹೆಸರಿಗೇ ಹೋಗಲಿ.

ಇನ್ನೊಂದು ಮಾತು. ತೆಗೆದ ಮೇಲೆ ಯಾರೂ ದೂರಲಿಲ್ಲ, ಹಾಗಾದರೆ ಯಾರಿಗೂ ಬೇಕಿರಲಿಲ್ಲ ಎಂದುಕೊಳ್ಳಬೇಡಿ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಇದೆಯಲ್ಲ, ಅದರ 12ನೇ ಆವೃತ್ತಿಯಲ್ಲಿ ಇದ್ದದ್ದು ಲಿಬ್‌ಟಿಫ್ 4.5.0. ಡೆಬಿಯನ್ 13ರಲ್ಲಿ ಇರುವುದು 4.7.0. ಅಂದರೆ ಡೆಬಿಯನ್‌ನ ಸ್ಥಿರ ಆವೃತ್ತಿ ಬಳಸುವವರಿಗೆ ನಡುವೆ ಟೂಲ್‌ಗಳು ಹೋಗಿದ್ದು, ಬಂದಿದ್ದು ಎರಡೂ ಗೊತ್ತಾಗಲಿಲ್ಲ. 4.6.0 ಬಂದ ಮೊದಲ ತಿಂಗಳುಗಳಲ್ಲಿ ಸದ್ದು ಮಾಡಿದವರು ಹೊಸದನ್ನು ಬಂದ ಕೂಡಲೇ ಹಾಕಿಕೊಳ್ಳುವವರು ಮಾತ್ರ. ಹಳೆಯ ಕಂಪ್ಯೂಟರಿನಲ್ಲಿ ಡೆಬಿಯನ್ ಹಾಕಿ ಕೆಲಸ ಮಾಡುವ ಕಾಲೇಜು ಲೈಬ್ರರಿಗಳ ದನಿ ನಿಮಗೆ ತಲುಪಲು ಎರಡು ವರ್ಷವಾದರೂ ಬೇಕು.

ಬರೀ ಡಾಕ್ಯುಮೆಂಟೇಶನ್‌ನಲ್ಲಿ ಬರೆದರೆ ಸಾಕು ಎಂದೂ ನಂಬಬೇಡಿ. ಫೈಲ್‌ಗಳಲ್ಲಿ ಪದ ಹುಡುಕುವ ಈಗ್ರೆಪ್, ಎಫ್‌ಗ್ರೆಪ್ ಕಮಾಂಡ್‌ಗಳೆರಡನ್ನೂ ಗ್ನೂ ಗ್ರೆಪ್‌ನವರು 2007ರಲ್ಲೇ ಬಳಸಬೇಡಿ ಎಂದರು. 2022ರ 3.8 ಆವೃತ್ತಿಯಲ್ಲಿ ಓಡಿಸಿದಾಗಲೆಲ್ಲ ಎಚ್ಚರಿಕೆ ಸಾಲು ಬರುವಂತೆ ಮಾಡಿದಾಗ ಮಾತ್ರ ಜನ ಬೆಚ್ಚಿಬಿದ್ದರು. ಅಷ್ಟು ಸ್ಕ್ರಿಪ್ಟ್‌ಗಳಲ್ಲಿ ಅವು ಕೂತಿದ್ದವು. ಆದರೂ ಎಚ್ಚರಿಕೆ ಸಾಲೇ ಒಳ್ಳೆಯ ದಾರಿ. ಅದರಲ್ಲಿ ಬದಲಿ ಕಮಾಂಡ್ ಏನು ಎಂದು ಪೂರ್ತಿ ಬರೆಯಿರಿ. ಔಟ್‌ಪುಟ್ ಜೊತೆ ಬೆರೆಯದಂತೆ ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ದೋಷದ ಸಂದೇಶಗಳಿಗೆಂದೇ ಇರುವ ಬೇರೆ ದಾರಿಗೆ, ಕಳಿಸಿ.

ಈಗ ಉಳಿಸಿಕೊಳ್ಳಿ ಎಂದ ಟೂಲ್‌ಗಳ ವಿಷಯ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಕನ್ನಡದವರಿಗೆ ಇದರಿಂದ ನೇರ ಲಾಭವಿದೆ. ಹಾರ್ಫ್‌ಬಜ್ ಗೊತ್ತಲ್ಲ? ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅಕ್ಷರಗಳನ್ನು ಜೋಡಿಸುವ ಲೈಬ್ರರಿ ಅದು. ಅದರ ಜೊತೆ ಎಚ್‌ಬಿ-ಶೇಪ್, ಎಚ್‌ಬಿ-ವ್ಯೂ ಎಂಬ ಟೂಲ್‌ಗಳಿವೆ. ಯಾವುದೋ ಫಾಂಟ್‌ನಲ್ಲಿ ‘ಸ್ತ್ರೀ’ ಒಡೆದು ಕಾಣುತ್ತದೆ, ಅಥವಾ ‘ಅರ್ಕ’ದಲ್ಲಿ ಅರ್ಕಾವೊತ್ತು ತಪ್ಪು ಜಾಗದಲ್ಲಿ ಕೂರುತ್ತದೆ ಅಂದುಕೊಳ್ಳಿ. ಫಾಂಟ್ ಫೈಲ್ ಮತ್ತು ಪದವನ್ನು ಎಚ್‌ಬಿ-ಶೇಪ್‌ಗೆ ಕೊಟ್ಟರೆ ಯಾವ ಗ್ಲಿಫ್ (ಫಾಂಟ್‌ನಲ್ಲಿರುವ ಅಕ್ಷರದ ಆಕಾರ) ಬಂತು, ಎಲ್ಲಿ ಕೂತಿತು ಎಂದು ಒಂದು ಸಾಲಿನಲ್ಲಿ ಬರುತ್ತದೆ. ಆ ಸಾಲನ್ನು ಹಾಗೇ ಕಾಪಿ ಮಾಡಿ ಕಳಿಸಬಹುದು. ಕನ್ನಡ ಒಂದಕ್ಷರ ಓದಲು ಬಾರದ ಡೆವಲಪರ್ ಕೂಡ ತಪ್ಪು ಫಾಂಟ್‌ನಲ್ಲಿದೆಯೋ ಲೈಬ್ರರಿಯಲ್ಲಿದೆಯೋ ಹುಡುಕಲು ಶುರು ಮಾಡಬಹುದು. ಆ ಟೂಲ್ ಇಲ್ಲದಿದ್ದರೆ ನಾವು ಸ್ಕ್ರೀನ್‌ಶಾಟ್ ಕಳಿಸಿ, ಇದು ಸರಿ ಇಲ್ಲ ಎಂದು ಹೇಳಬೇಕಾಗುತ್ತಿತ್ತು. ಅವರಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಇಂಥ ಟೂಲ್‌ಗಳನ್ನು ಸುಮ್ನೆ ಅನುಕೂಲಕ್ಕೆ ಇಟ್ಟವು ಎಂದು ಕರೆಯುವುದೇ ಸರಿಯಲ್ಲ. ಸಣ್ಣ ಭಾಷೆಯವರು, ಪ್ರೋಗ್ರಾಮ್ ಬರೆಯದವರು ನಿಮಗೆ ಉಪಯೋಗವಾಗುವ ದೂರು ಕೊಡಲು ಇರುವ ದಾರಿ ಇವು.

‘ಜೊತೆಗೆ ಇಡುವುದು’ ಎಂದರೆ ಮೂರು ಬೇರೆ ಬೇರೆ ಕಡೆ ಇಡುವುದು ಎನ್ನುವುದೂ ಗಮನದಲ್ಲಿರಲಿ. ಮೂಲ ಕೋಡ್‌ನಲ್ಲಿ ಇಡಬಹುದು, ತಾನಾಗಿಯೇ ಬಿಲ್ಡ್ ಆಗುವಂತೆ (ಕೋಡ್‌ನಿಂದ ಓಡುವ ಪ್ರೋಗ್ರಾಮ್ ಆಗುವಂತೆ) ಇಡಬಹುದು, ಇನ್‌ಸ್ಟಾಲ್ ಮಾಡಿದಾಗ ತಾನೇ ಬರುವಂತೆ ಇಡಬಹುದು. ಮೂರನೆಯದನ್ನು ಡೆಬಿಯನ್‌ನಂಥವರು ಆಗಲೇ ಬಿಡಿಸಿದ್ದಾರೆ: ಪಿಡಿಎಫ್ ಓದುವ ಪಾಪ್ಲರ್ ಲೈಬ್ರರಿ ಒಂದು ಪ್ಯಾಕೇಜ್, ಪಿಡಿಎಫ್‌ನಿಂದ ಪಠ್ಯ ತೆಗೆಯುವ ಅದರ ಟೂಲ್‌ಗಳು ಇನ್ನೊಂದು. ಟೂಲ್ ಬೇಡದ ಸರ್ವರ್‌ಗೆ ಅದು ಹೋಗುವುದೇ ಇಲ್ಲ. ಹಾರ್ಫ್‌ಬಜ್‌ನಲ್ಲಿ ಟೂಲ್‌ಗಳನ್ನು ಬಿಲ್ಡ್ ಮಾಡುವುದು ಬಿಡುವುದು ಒಂದು ಆಯ್ಕೆ. ನೀವೂ ಮೊದಲು ಅಂಥ ಆಯ್ಕೆ ಹಾಕಿ. ಒಂದು ಬಿಡುಗಡೆಯವರೆಗೆ ಎಚ್ಚರಿಕೆ ಸಾಲು ತೋರಿಸಿ. ವಿತರಣೆಗಳ ಪ್ಯಾಕೇಜ್ ನೋಡಿಕೊಳ್ಳುವವರಿಗೆ ಮುಂಚೆಯೇ ಪತ್ರ ಬರೆಯಿರಿ, ಅವರಿಗೆ ಬಳಕೆದಾರರ ಬಗ್ಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ.

ನಿಮ್ಮ ಟೂಲ್‌ಗಳ ಪಟ್ಟಿಯನ್ನು ಇಲ್ಲೇ ಕೆಳಗೆ ಹಾಕಿ. ಯಾವುದರ ಕೋಡ್ ಯಾರು ನೋಡುತ್ತಾರೆ ಎನ್ನುವುದನ್ನೂ ಬರೆಯಿರಿ. ನಮ್ಮಲ್ಲಿರುವ ಹಳೆಯ ಪತ್ರಿಕೆಗಳ ಸ್ಕ್ಯಾನ್‌ಗಳ ಮೇಲೆ ಒಂದೊಂದನ್ನೂ ಓಡಿಸಿ, ಯಾವುದಕ್ಕೆ ಬದಲಿ ಇದೆ, ಯಾವುದಕ್ಕೆ ಇಲ್ಲ ಎಂದು ಹೇಳುತ್ತೇನೆ.