ಮೂಲೆ ಮಡಚಿದ ಉತ್ತರ ಪತ್ರಿಕೆ

(ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.)

ಒಂಬತ್ತನೇ ತರಗತಿಯ ಹುಡುಗಿ, ಅಮ್ಮನ ಜೊತೆ ನನ್ನ ಹತ್ತಿರ ಸಲಹೆಗೆ ಬಂದಿದ್ದಳು. "ದಿನಾ ಐದು ಗಂಟೆ ಓದ್ತಾಳೆ ಮೇಡಂ, ಆದ್ರೂ ಗಣಿತದ ಮಾರ್ಕ್ಸ್ ಇಳೀತಾನೇ ಇದೆ" ಅಂದರು ಅಮ್ಮ. ಹುಡುಗಿ ಸುಮ್ನೆ ಬ್ಯಾಗಿನಿಂದ ಉತ್ತರ ಪತ್ರಿಕೆ ತೆಗೆದುಕೊಟ್ಟಳು. ಮಾರ್ಕ್ಸ್ ಬರೆದಿದ್ದ ಮೂಲೆಯನ್ನು ಎರಡು ಸಲ ಮಡಚಿ, ಉಗುರಿನಿಂದ ಒತ್ತಿ ಗಟ್ಟಿ ಮಾಡಿದ್ದಳು. ನಾನು ಬಿಚ್ಚಲು ಹೋಗಲಿಲ್ಲ.

ಅಮ್ಮನನ್ನು ಹೊರಗೆ ಕೂರಿಸಿದ ಮೇಲೆ ಮಾತು ಹೊರಟಿತು. ಗಣಿತದ ಸರ್ ಪತ್ರಿಕೆ ಕೊಡುವಾಗ ಜಾಸ್ತಿ ಬಂದವರಿಂದ ಶುರು ಮಾಡಿ ಕಡಿಮೆ ಬಂದವರ ತನಕ ಹೆಸರು ಕೂಗುತ್ತಾರಂತೆ. ಒಂದು ಸಲ ಇವಳ ಹೆಸರು ಕೊನೆಯಿಂದ ಮೂರನೆಯದು. ಅವತ್ತಿನಿಂದ ಕ್ಲಾಸಲ್ಲಿ ಡೌಟ್ ಕೇಳುವುದನ್ನೇ ಬಿಟ್ಟಳು. "ಕೇಳಿದ್ರೆ ನಂಗೆ ಬರಲ್ಲ ಅಂತ ಎಲ್ರಿಗೂ ಗೊತ್ತಾಗುತ್ತೆ, ಅಲ್ವಾ?"

ಆ ಐದು ಗಂಟೆ ಏನು ಮಾಡುತ್ತಿದ್ದಳು ಗೊತ್ತಾ? ಬಿಡಿಸಿಟ್ಟ ಲೆಕ್ಕಗಳನ್ನೇ ನೋಡಿ ನೋಡಿ ಬರೆಯುತ್ತಿದ್ದಳು. ಹೊಸ ಲೆಕ್ಕ ಮುಟ್ಟಿದರೆ ತಪ್ಪಾಗಬಹುದಲ್ಲ, ಹಾಗಾಗಿ ಮುಟ್ಟುತ್ತಲೇ ಇರಲಿಲ್ಲ. ಇದನ್ನು ಸೋಮಾರಿತನ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತೆ. ಪರೀಕ್ಷೆಯಲ್ಲಂತೂ ಲೆಕ್ಕದ ಹಂತಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಜಾಗವನ್ನು ಭಯವೇ ತಿಂದುಬಿಡುತ್ತೆ.

ಮೂಲೆ ಮಡಚಿಯೇ ಇರಲಿ, ಮಿಕ್ಕಿದ್ದನ್ನು ನೋಡೋಣ ಅಂದೆ. ಹಾಗಂದಿದ್ದಕ್ಕೆ ಕಾರಣ ಇದೆ. 1988ರಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಸಲಹೆ, ಇನ್ನು ಕೆಲವರಿಗೆ ಎರಡೂ ಕೊಟ್ಟು ನೋಡಿದ್ದರು. ಸುಧಾರಿಸಿದ್ದು ಬರೀ ಸಲಹೆ ಸಿಕ್ಕವರು. ಜೊತೆಗೆ ಅಂಕವೂ ಇದ್ದಾಗ ಸಲಹೆ ಕೆಲಸಕ್ಕೆ ಬರಲಿಲ್ಲ.

ಒಂದು ಲೆಕ್ಕದ ಮೂರನೇ ಸಾಲಿನಲ್ಲಿ ಮೈನಸ್ ಹೋಗಿ ಪ್ಲಸ್ ಆಗಿತ್ತು. ಅಲ್ಲಿಂದ ಮುಂದೆ ಮಾಡಿದ ವಿಧಾನವೆಲ್ಲಾ ಸರಿ. ಸರ್ ಮಾತ್ರ ಇಡೀ ಲೆಕ್ಕಕ್ಕೆ ಕೆಂಪು ಗೀಟು ಎಳೆದಿದ್ದರು. ಅವಳು ಬೆರಳಿಟ್ಟು ಸಾಲು ಸಾಲಾಗಿ ನೋಡಿ, "ಇಷ್ಟೇನಾ?" ಅಂದಳು.

ಅವಳಿಗೆ ಹೇಳಿದ್ದು: ಉದಾಹರಣೆ ಒಂದು ಸಲ ನೋಡು, ಪುಸ್ತಕ ಮುಚ್ಚು, ನೀನೇ ಮಾಡು. ಎಲ್ಲಿ ನಿಂತೆ ಅನ್ನುವುದನ್ನು ಚೀಟಿಯಲ್ಲಿ ಬರೆದುಕೋ, ದಿನಕ್ಕೆ ಒಂದೇ ಡೌಟ್ ಸಾಕು, ಕ್ಲಾಸ್ ಮುಗಿದ ಮೇಲೆ ಸರ್ ಹತ್ತಿರ ಕೇಳು.

ಅಮ್ಮನಿಗೆ ಹೇಳಿದ್ದು: "ಎಷ್ಟು ಬಂತು" ಅನ್ನುವ ಮೊದಲು "ಯಾವುದು ಕಷ್ಟ ಆಯ್ತು" ಅಂತ ಕೇಳಿ. "ಹಾಗಾದ್ರೆ ಮಾರ್ಕ್ಸ್ ಬೇಡ್ವಾ ಮೇಡಂ?" ಅಂದರು. ಬೇಕು ಕಣ್ರೀ, ಯಾರು ಬೇಡ ಅಂದ್ರು! ಎರಡನೇ ಪ್ರಶ್ನೆಯಾಗಿ ಕೇಳಿ, ಅಷ್ಟೇ.

ಅವರಿಬ್ಬರ ಒಪ್ಪಿಗೆ ಪಡೆದು ಸರ್ ಜೊತೆಗೂ ಮಾತಾಡಿದೆ. ಅವಮಾನ ಆದರೆ ಛಲ ಬರುತ್ತೆ ಅಂತ ಅವರ ಲೆಕ್ಕ. ಇವಳಿಗೆ ಬಂದದ್ದು ಮೌನ ಅಂದೆ. ಇವಳ ಪತ್ರಿಕೆ ಬೇರೆಯಾಗಿ ಕೊಡಲು ಒಪ್ಪಿದರು. ಉಳಿದ ಮಕ್ಕಳ ಹೆಸರು ಈಗಲೂ ಕೂಗುತ್ತಾರೆ, ಅದು ನನ್ನ ಕೈಲಾಗಲಿಲ್ಲ.

ಎರಡು ತಿಂಗಳಲ್ಲಿ ಮಾರ್ಕ್ಸ್ ಏರಿದ್ದು ನಾಲ್ಕೇ ನಾಲ್ಕು. ಚೀಟಿಗಳು ಮಾತ್ರ ಒಂದು ಡಬ್ಬಿ ತುಂಬಾ ಇವೆ. ಮೂಲೆ ಈಗಲೂ ಮಡಚುತ್ತಾಳೆ. ಬಿಚ್ಚಿ ನೋಡುವುದು ಅಮ್ಮನೇ ಅಂತೆ.