ಮಿಲ್ಕ್ ಸ್ನೇಕ್ ಮರಿ ಇಲಿಮರಿ ಮುಟ್ಟುತ್ತಿಲ್ಲ, ಹಾಲಿಟ್ಟರೆ ಕುಡಿಯುತ್ತದೆಯೇ?

ದಯವಿಟ್ಟು ಹಾಲಿಡಬೇಡಿ. ಅಮೆರಿಕದ ಒಹಾಯೊದಲ್ಲಿ ನಿಮ್ಮ ಜೊತೆಗಿದ್ದ ರೂಮ್‌ಮೇಟ್ ಬೇರೆ ಕಡೆ ಕೆಲಸ ಸಿಕ್ಕಿ ಹೊರಟಾಗ ಈ ಮರಿಯನ್ನು ನಿಮಗೆ ಒಪ್ಪಿಸಿ ಹೋದರು, ಮೂರು ವಾರದಿಂದ ಅದು ಏನೂ ತಿಂದಿಲ್ಲ, ದಾವಣಗೆರೆಯಿಂದ ಅಮ್ಮ ಫೋನ್ ಮಾಡಿ "ಒಂದು ಬಟ್ಟಲು ಹಾಲಿಡಪ್ಪ" ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನೂ ಅದೇ ಜಿಲ್ಲೆಯವನು. ಊರಿಗೆ ವಾಪಸು ಬರುವ ಮುಂಚೆ ಆರು ವರ್ಷ ಒಹಾಯೊದಲ್ಲಿದ್ದೆ, ಇದೇ ಹಾವು ಸಾಕಿದ್ದೆ.

ಅಮ್ಮನ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮದು ಜಗಳೂರು ಕಡೆ. ಮೆಕ್ಕೆಜೋಳದ ತೆನೆ ರಾಶಿ ದನದ ಕೊಟ್ಟಿಗೆಗೆ ಒತ್ತಿಕೊಂಡೇ ಇರುತ್ತಿತ್ತು. ಎಮ್ಮೆ ಒಂದು ಹೊತ್ತು ಹಾಲು ಕಡಿಮೆ ಕೊಟ್ಟರೆ ಸಾಕು, ಅಜ್ಜಿ "ಕೇರೆ ಹಾವು ಕಾಲಿಗೆ ಸುತ್ತಿಕೊಂಡು ಕುಡದೈತಿ" ಅನ್ನೋಳು. ಕೇರೆ ಬರುತ್ತಿದ್ದುದು ನಿಜ, ಆದರೆ ತೆನೆಗೆ ಬಂದ ಇಲಿ ಹಿಡಿಯಲು. ಅಮೆರಿಕದ ರೈತರೂ ಕೊಟ್ಟಿಗೆಯಲ್ಲಿ ಈ ಹಾವನ್ನು ಕಂಡು ಹಾಗೇ ನಂಬಿದರು, ಮಿಲ್ಕ್ ಸ್ನೇಕ್, ಅಂದರೆ ಹಾಲಿನ ಹಾವು ಅನ್ನುವ ಹೆಸರು ಅಂಟಿಕೊಂಡಿತು. ಹಾವಿನ ಹಲ್ಲು ಒಳಕ್ಕೆ ಬಾಗಿದ ಸೂಜಿಗಳು. ಅವು ಕೆಚ್ಚಲಿಗೆ ಚುಚ್ಚಿದರೆ ಎಮ್ಮೆ ಒದೆಯದೆ ಬಿಟ್ಟೀತೇ? ನೀರಿಲ್ಲದೆ ಬಾಯಾರಿದ ಹಾವು ಹಾಲಿಗೂ ಬಾಯಿ ಹಾಕಬಹುದು, ಅರಗಿಸಿಕೊಳ್ಳಲಾರದು. ಬಟ್ಟಲಲ್ಲಿ ಸ್ವಚ್ಛ ನೀರಿರಲಿ. ಪಂಚಮಿಗೆ ಅಮ್ಮ ಕಲ್ಲು ನಾಗಪ್ಪನಿಗೆ ಹಾಲೆರೆಯುವುದು ಭಕ್ತಿಯ ಮಾತು, ಅದನ್ನು ಅಲ್ಲಿಗೇ ಬಿಡೋಣ.

ತಿನ್ನದಿದ್ದಾಗ ಮೊದಲು ನೋಡಬೇಕಾದ್ದು ಶಾಖ. ಡಬ್ಬಿಯ ಒಂದು ತುದಿ 29-30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24-25 ಇರಬೇಕು, ಎರಡೂ ಕಡೆ ನುಸುಳಿ ಕೂರಲು ಮರೆ ಬೇಕು. ಹೊರಗಿನ ಬಿಸಿ ಇಲ್ಲದೆ ಹಾವಿಗೆ ತಿಂದದ್ದು ಕರಗುವುದಿಲ್ಲ. ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ ಹಾಕಬೇಡಿ, ಹೊಟ್ಟೆ ಸುಟ್ಟುಕೊಳ್ಳುತ್ತದೆ. ಕಣ್ಣು ನೀಲಿಗಟ್ಟಿ ಮಂಜಾಗಿದ್ದರೆ ಪೊರೆ ಬಿಡುವ ಕಾಲ, ಆಗ ಊಟ ಬೇಡವೆನ್ನುವುದು ಸಹಜ.

ಆಮೇಲೆ ನಮ್ಮ ಕೈ. ನನ್ನ ಮರಿ ಬಂದ ದಿನವೇ ಇಲಿಮರಿ ಇಟ್ಟು ಗಂಟೆಗೊಮ್ಮೆ ಮುಚ್ಚಳ ತೆರೆದು ನೋಡಿದೆ. ಅದು ಮೂಲೆಯಲ್ಲಿ ಸುರುಳಿ ಸುತ್ತಿ ಬಾಲ ನಡುಗಿಸುತ್ತಾ ಕೂತಿತು. ಎರಡನೇ ವಾರ ಹೇಗೋ ನುಂಗಿತು. ಖುಷಿಗೆ ಅದೇ ಸಂಜೆ ಗೆಳೆಯರಿಗೆ ತೋರಿಸಲು ಕೈಗೆತ್ತಿಕೊಂಡೆ. ಮರುದಿನ ಬೆಳಗ್ಗೆ ಡಬ್ಬಿಯಲ್ಲಿ ಬೂದುಬಣ್ಣಕ್ಕೆ ತಿರುಗಿದ, ಅರ್ಧ ಕರಗಿದ ಇಲಿಮರಿ, ಕೋಣೆಯೆಲ್ಲ ಹುಳಿ ನಾತ. ಅದು ನನ್ನದೇ ತಪ್ಪು. ತಿಂದ ಮೇಲೆ ಎರಡು ದಿನ ಪೂರ್ತಿ ಮುಟ್ಟಬಾರದು. ಕಕ್ಕಿದರೆ ಹತ್ತು-ಹದಿನಾಲ್ಕು ದಿನ ಹೊಟ್ಟೆಗೆ ಬಿಡುವು ಕೊಟ್ಟು, ಮುಂದಿನ ಸಲ ಸಣ್ಣದನ್ನೇ ಕೊಡಬೇಕು.

ನೀವು ಈಗ ಹೀಗೆ ಮಾಡಿ. ಒಂದು ವಾರ ನೀರು ಬದಲಿಸುವುದು ಬಿಟ್ಟು ಬೇರೇನೂ ಬೇಡ. ಆಮೇಲೆ ಹಾವಿನ ಮೈ ದಪ್ಪವಿರುವ ಕಡೆಯಷ್ಟೇ ಗಾತ್ರದ, ಫ್ರೀಜರಿನ ಪಿಂಕಿಯನ್ನು (ಕೂದಲು ಮೂಡದ ಇಲಿಮರಿ) ರಾತ್ರಿ ಫ್ರಿಜ್ಜಿನಲ್ಲಿ ಕರಗಿಸಿ, ಬಿಸಿನೀರಲ್ಲಿ ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡವೇ ಬೇಡ. ಇವು ಕತ್ತಲಾದ ಮೇಲೆ ಚುರುಕಾಗುವ ಹಾವು, ಹಾಗಾಗಿ ಸಂಜೆ ಇಕ್ಕಳದಲ್ಲಿ ಹಿಡಿದು ಕೊಡಿ. ಒಲ್ಲೆನೆಂದರೆ ತೂತು ಮಾಡಿದ ಪುಟ್ಟ ಡಬ್ಬಿಯೊಳಗೆ ಹಾವನ್ನೂ ಪಿಂಕಿಯನ್ನೂ ಬಿಟ್ಟು, ಆ ಡಬ್ಬಿಯನ್ನು ಅದರ ಬೆಚ್ಚನೆಯ ಮನೆಯೊಳಗೇ ಇಟ್ಟು, ಮೇಲೆ ಬಟ್ಟೆ ಹೊದಿಸಿ, ಬೆಳಗಿನವರೆಗೆ ಇಣುಕಬೇಡಿ. ನನ್ನದು ಕೊನೆಗೆ ಹೀಗೇ ತಿಂದಿತು. ಕಾಡಿನಲ್ಲಿ ಮರಿಗಳು ಹಲ್ಲಿಗಳನ್ನು ಹೆಚ್ಚು ತಿನ್ನುವುದರಿಂದ, ಹಲ್ಲಿಯ ಪೊರೆಯನ್ನು ಪಿಂಕಿಗೆ ಉಜ್ಜಿ ವಾಸನೆ ಹತ್ತಿಸುವವರೂ ಇದ್ದಾರೆ. ಜೀವಂತ ಇಲಿ ಬೇಡ, ಅದು ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಒಗ್ಗಿದ ಮೇಲೆ ಮರಿಗೆ ಐದರಿಂದ ಏಳು ದಿನಕ್ಕೊಂದು ಸಾಕು.

ಜೊತೆಗಿರಲಿ ಅಂತ ಇನ್ನೊಂದು ಹಾವು ಬಿಡಬೇಡಿ, ಇವು ಹಾವನ್ನೂ ತಿನ್ನುವ ಜಾತಿ. ಮುಚ್ಚಳಕ್ಕೆ ಕ್ಲಿಪ್ ಇರಲಿ, ಪೆನ್ಸಿಲ್ ತೂರುವ ಸಂದಿಯಲ್ಲಿ ಮರಿ ಪಾರಾಗುತ್ತದೆ.

ವಾರಕ್ಕೊಮ್ಮೆ ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುತ್ತಲೇ ಹೋದರೆ, ಬೆನ್ನುಮೂಳೆ ಎದ್ದು ಕಂಡರೆ ತಡಮಾಡದೆ ಹಾವು ನೋಡುವ ಪಶುವೈದ್ಯರ ಬಳಿ ಹೋಗಿ. ತಿಂದ ದಿನ ಅಮ್ಮನಿಗೆ ಮೊದಲು ಫೋನ್ ಮಾಡಿ, ಆಮೇಲೆ ಇಲ್ಲೊಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.