ಚುಕ್ಕೆಯನ್ನಲ್ಲ, ಅದರ ಸುತ್ತಲಿನ ವೃತ್ತ ಓದಲು ಕಲಿಸಿ

ಮೇಡಂ, ವರ್ಷಗಟ್ಟಲೆ ಬರೀ ಫೋನ್ ಕರೆ ತೆಗೆದುಕೊಂಡು ಪಳಗಿದ ತುರ್ತು ಸಹಾಯವಾಣಿ 112ರ ಸಿಬ್ಬಂದಿಗೆ ಮ್ಯಾಪ್, ಎಸ್ಸೆಮ್ಮೆಸ್, ಪ್ಯಾನಿಕ್ ಬಟನ್ ಎಲ್ಲ ಕಲಿಸೋದು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಲೊಕೇಶನ್‌ನಿಂದ ಶುರು ಮಾಡಿ.

ಸ್ಕ್ರೀನಲ್ಲಿ ಚುಕ್ಕೆ ಕಂಡ ಕೂಡಲೇ ಅದೇ ವಿಳಾಸ ಅಂದುಕೊಳ್ಳುತ್ತೇವೆ. ಆದರೆ ಕರೆ ಮಾಡಿದವರು ಅದರ ಸುತ್ತಲಿನ ವೃತ್ತದೊಳಗೆ ಎಲ್ಲಿ ಬೇಕಾದರೂ ಇರಬಹುದು. ಬರೀ ಟವರ್ ಆಧಾರದ ಲೊಕೇಶನ್ ಹಳ್ಳಿ ಕಡೆ ಕಿಲೋಮೀಟರ್‌ಗಟ್ಟಲೆ ಆಚೀಚೆ ಆಗಬಹುದು. ಬಯಲಲ್ಲಿ ಜಿಪಿಎಸ್ ಆದರೆ ಕೆಲವೇ ಮೀಟರ್. ನಾನು ಕರೆ ತೆಗೆಯುತ್ತಿದ್ದಾಗ ಒಮ್ಮೆ ಹೆದ್ದಾರಿ ಅಪಘಾತಕ್ಕೆ ಚುಕ್ಕೆ ನಂಬಿ ಗಾಡಿ ಕಳಿಸಿದೆ. ಅದು ಹೋಗಿ ನಿಂತಿದ್ದು ಡಿವೈಡರ್‌ನ ಆಚೆ ಬದಿಗೆ. ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ ತಿರುಗಿ ಬರಬೇಕಾಯಿತು. “ಯಾವ ಊರಿನ ಕಡೆ ಹೋಗ್ತಿದ್ರಿ?” ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ಹೇಳ್ತೀನಿ, ಮ್ಯಾಪ್ ಬಂತೆಂದು ಗುರುತು ಕೇಳುವ ರೂಢಿ ಬಿಡಿಸಬೇಡಿ. ದೇವಸ್ಥಾನ, ಪೆಟ್ರೋಲ್ ಬಂಕ್, ಅಪಾರ್ಟ್‌ಮೆಂಟ್ ಆದರೆ ಎಷ್ಟನೇ ಮಹಡಿ ಅಂತ ಕೇಳಲೇಬೇಕು.

ಪ್ಯಾನಿಕ್ ಬಟನ್‌ಗೆ ಬೇರೆಯೇ ದಿನ ಇಡಿ. ಸ್ಮಾರ್ಟ್‌ಫೋನಲ್ಲಿ ಪವರ್ ಬಟನ್ 3 ಸಲ ಒತ್ತಿದರೆ, ಕೀಪ್ಯಾಡ್ ಫೋನಲ್ಲಿ 5 ಅಥವಾ 9 ಒತ್ತಿ ಹಿಡಿದರೆ 112ಕ್ಕೆ ತುರ್ತು ಕರೆ ಹೋಗುವ ವ್ಯವಸ್ಥೆ. ಜೇಬಲ್ಲಿ ತಾನಾಗಿ ಒತ್ತಿಕೊಂಡದ್ದೂ ಬರುತ್ತದೆ, ಬಾಯಿ ಬಿಡಲಾಗದೆ ಒತ್ತಿದ್ದೂ ಬರುತ್ತದೆ. ಮೌನವನ್ನು ಸುಳ್ಳು ಕರೆ ಅಂತ ಮುಚ್ಚಬಾರದು. ಹಿಂದಿನ ಸದ್ದು ಕೇಳಿ, “ಹೌದಾದರೆ ಒಮ್ಮೆ ಕೆಮ್ಮಿ” ಅನ್ನುವುದನ್ನು ಅಭ್ಯಾಸ ಮಾಡಿಸಿ.

ಇಬ್ಬಿಬ್ಬರನ್ನು ಕೂರಿಸಿ ಹಳೇ ರೆಕಾರ್ಡಿಂಗ್ ಹಾಕಿ: ಒಬ್ಬರಿಗೆ ಮಾತು, ಇನ್ನೊಬ್ಬರಿಗೆ ಸ್ಕ್ರೀನ್, ಆಮೇಲೆ ಅದಲುಬದಲು. ದನಿಯಲ್ಲೇ ಗಾಬರಿ ಅಳೆಯುವ ಹಿರಿಯರ ಕಿವಿ ಯಾವ ಸಾಫ್ಟ್‌ವೇರ್‌ಗೂ ಇಲ್ಲ. ಹೊಸಬರ ಪಕ್ಕ ಅವರನ್ನೇ ಕೂರಿಸಿ.